ಪಿತ್ತಕೋಶದ ಆಪರೇಷನ್‌ಗೆ ಹೊರಡುವ ಮುಂಚೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಗ್ಯಾಸ್ಟ್ರಿಕ್. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಜೀರಿಗೆ ಕಷಾಯ ಕುಡಿದೆ, ಲಿಂಬು ಸೋಡಾ ಕುಡಿದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದೆ. ಒಂದು ಉಪನಯನದ ಊಟ ಮುಗಿಸಿ ಬಂದ ರಾತ್ರಿ ಮಾತ್ರ ಯಾವುದೂ ಕೆಲಸ ಮಾಡಲಿಲ್ಲ. ಅಡುಗೆಮನೆಯ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿದ್ದೆ. ಮಲಗಿದರೂ ನೋವು, ಎದ್ದರೂ ನೋವು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ತೂರಿಸಿ ಹಿಂಡಿದ ಹಾಗೆ. ಅದೇ ನೋವು ಹಿಂದೆ ಬಲ ಹೆಗಲ ಹಲಗೆಯವರೆಗೂ ಹೋಗುತ್ತಿತ್ತು. ಸೀರೆ ಪೂರ್ತಿ ಬೆವರಿನಲ್ಲಿ ಒದ್ದೆ. ಬೆಳಗಿನ ಜಾವ 4 ಗಂಟೆಗೆ ತಾನಾಗಿಯೇ ಇಳಿಯಿತು. ಎರಡು ದಿನ ಬಿಟ್ಟು ಶಿರಸಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ ಗೊತ್ತಾಯಿತು, ಪಿತ್ತಕೋಶದ ತುಂಬ ಕಲ್ಲು.

ನಾನು ಡಾಕ್ಟರ್ ಅಲ್ಲ. ಆದರೆ ನನ್ನ ಆಪರೇಷನ್ ಆಗಿದೆ, ನಮ್ಮ ಮನೆಯಲ್ಲೇ ಇನ್ನೊಬ್ಬರದ್ದೂ ಆಗಿದೆ. ಆಮೇಲೆ ಊರಿನ ಎಷ್ಟೋ ಜನ ರಿಪೋರ್ಟ್ ಹಿಡಿದುಕೊಂಡು ಮನೆಗೆ ಬಂದು ಕೇಳಿದ್ದಾರೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗ್ಯಾಸ್ಟ್ರಿಕ್ ಹೌದೋ, ಅಲ್ಲವೋ

ಪಿತ್ತಕೋಶ ಅಂದರೆ ಯಕೃತ್ತಿನ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲ. ಪೇರಲಕಾಯಿಯ ಆಕಾರ, 7ರಿಂದ 10 ಸೆಂಟಿಮೀಟರ್ ಉದ್ದ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಈ ಚೀಲ ಅದನ್ನು ಗಟ್ಟಿ ಮಾಡಿ ಇಟ್ಟುಕೊಂಡಿರುತ್ತದೆ, ಅಷ್ಟೇ. ಎಣ್ಣೆ, ತುಪ್ಪ, ತೆಂಗಿನಕಾಯಿ ಹೊಟ್ಟೆಗೆ ಬಿದ್ದಾಗ ಚೀಲ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ಚೀಲದ ಬಾಯಿಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಹಿಂಡಿದಾಗ ರಸ ಹೊರಗೆ ಬರುವುದಿಲ್ಲ, ನೋವು ಬರುತ್ತದೆ. ಹೋಳಿಗೆ ಊಟದ ರಾತ್ರಿಯೇ ನೋವು ಯಾಕೆ ಅನ್ನುವುದಕ್ಕೆ ಉತ್ತರ ಇದು.

ಈ ನೋವು ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮ ಇರುತ್ತದೆ. ತೇಗು ಬಂದರೆ, ಗಾಳಿ ಹೋದರೆ ಕಡಿಮೆ ಆಗುವುದಿಲ್ಲ. ವಾಂತಿ ಜೊತೆಗೆ ಬರಬಹುದು. ಇಂಥದ್ದು ಎರಡನೇ ಸಲ ಬಂತು ಅಂದರೆ ಗ್ಯಾಸ್ಟ್ರಿಕ್ ಮಾತ್ರೆಯ ಮೇಲೆ ದಿನ ತಳ್ಳಬೇಡಿ, ಸ್ಕ್ಯಾನ್ ಮಾಡಿಸಿ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ಹೊಟ್ಟೆಯ ಮೇಲ್ಭಾಗದ ನೋವು, ಬೆವರು, ವಾಂತಿ ಹಾರ್ಟ್ ಅಟ್ಯಾಕ್‌ನಲ್ಲೂ ಹೀಗೇ ಇರಬಹುದು. ವಯಸ್ಸಾದವರು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿಕೊಳ್ಳಿ. ಕಲ್ಲಿನ ವಿಚಾರ ಆಮೇಲೆ ನೋಡಿದರಾಯಿತು.

ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ

ಹೊಟ್ಟೆಯ ಅಲ್ಟ್ರಾಸೌಂಡ್‌ಗೆ 6ರಿಂದ 8 ಗಂಟೆ ಏನೂ ತಿಂದಿರಬಾರದು. ತಿಂದರೆ ಚೀಲ ಹಿಂಡಿಕೊಂಡು ಸಣ್ಣದಾಗುತ್ತದೆ, ಒಳಗಿನದು ಸರಿಯಾಗಿ ಕಾಣುವುದಿಲ್ಲ. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು ದಾರಿಯಲ್ಲಿ ಚಾ, ಬನ್ಸ್ ತಿಂದು ಬಂದು ಮರುದಿನ ಮತ್ತೆ ಬರಬೇಕಾದದ್ದನ್ನು ನಾನೇ ನೋಡಿದ್ದೇನೆ.

ರಿಪೋರ್ಟಿನಲ್ಲಿ ಕೊಲೆಲಿಥಿಯಾಸಿಸ್ ಅಂತ ಇದ್ದರೆ ಪಿತ್ತಕೋಶದಲ್ಲಿ ಕಲ್ಲು ಇದೆ ಅಂತ ಅರ್ಥ. ಕೊಲೆಸಿಸ್ಟೈಟಿಸ್ ಅಂದರೆ ಚೀಲಕ್ಕೆ ಉರಿಯೂತ. ಚೀಲದ ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್‌ವರೆಗೆ ಇರುತ್ತದೆ, ಅದಕ್ಕಿಂತ ದಪ್ಪ ಅಂತ ಬರೆದಿದ್ದರೆ ಯಾಕೆ ಅಂತ ಕೇಳಿ. ಸಿಬಿಡಿ ಅನ್ನುವ ಮೂರು ಅಕ್ಷರ ಹುಡುಕಿ. ಅದು ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳ. ಅಲ್ಲೂ ಕಲ್ಲು ಇದೆಯಾ, ನಾಳ ಹಿಗ್ಗಿದೆಯಾ ಅನ್ನುವುದು ಬಹಳ ಮುಖ್ಯ. ಅದರ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಅನುಮಾನ ಬಂದರೆ ಎಂಆರ್‌ಸಿಪಿ ಅನ್ನುವ ಸ್ಕ್ಯಾನ್ ಹೇಳುತ್ತಾರೆ. ನಾಳದಲ್ಲಿ ಕಲ್ಲು ಇರುವುದು ಖಚಿತವಾದರೆ ಸಾಮಾನ್ಯವಾಗಿ ಬಾಯಿಯ ಮೂಲಕ ಕೊಳವೆ ಇಳಿಸಿ ಅದನ್ನು ತೆಗೆಯುತ್ತಾರೆ, ಅದು ಇಆರ್‌ಸಿಪಿ. ಚೀಲದ ಆಪರೇಷನ್ ಬೇರೆ, ಇದು ಬೇರೆ. ಇಆರ್‌ಸಿಪಿ ಎಲ್ಲ ಊರಲ್ಲೂ ಮಾಡುವುದಿಲ್ಲ. ಅದಕ್ಕಾಗಿ ನಮ್ಮವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ ದಾರಿ ಹಿಡಿಯುತ್ತಾರೆ.

ಆಪರೇಷನ್ ಬೇಕೇ ಬೇಕಾ?

ಕಲ್ಲು ಇದ್ದವರಿಗೆಲ್ಲ ಬೇಡ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿದೆ, ನಿಮಗೆ ಒಂದು ದಿನವೂ ನೋವು ಬಂದಿಲ್ಲ ಅಂತಾದರೆ ಸಾಮಾನ್ಯವಾಗಿ ಸುಮ್ನೆ ಬಿಡಬಹುದು. ಅಂಥವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ವರ್ಷಕ್ಕೆ ತೊಂದರೆ ಶುರುವಾಗುತ್ತದೆ. ಇದಕ್ಕೂ ಅಪವಾದ ಇದೆ. ಕಲ್ಲು 3 ಸೆಂಟಿಮೀಟರ್‌ಗಿಂತ ದೊಡ್ಡದು, ಚೀಲದೊಳಗೆ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ (ಗೋಡೆಯಿಂದ ಬೆಳೆದ ಗಂಟು), ಚೀಲದ ಗೋಡೆಯೇ ಸುಣ್ಣಗಟ್ಟಿದೆ, ಅಥವಾ ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇದೆ ಅಂದರೆ ನೋವಿಲ್ಲದಿದ್ದರೂ ಸರ್ಜನ್ ಜೊತೆ ಮಾತಾಡಿ.

ನೋವು ಒಮ್ಮೆ ಬಂದಿದ್ದರೆ ಮಾತು ಬೇರೆ. ಅದು ಮತ್ತೆ ಬರುವ ಸಂಭವ ಜಾಸ್ತಿ. ಸಣ್ಣ ಕಲ್ಲು ಜಾರಿ ನಾಳಕ್ಕೆ ಇಳಿದರೆ ಕಾಮಾಲೆ ಬರಬಹುದು, ಜೀರ್ಣರಸ ಮಾಡುವ ಗ್ರಂಥಿಯಾದ ಪ್ಯಾಂಕ್ರಿಯಾಸ್‌ಗೆ ಉರಿಯೂತ ಆಗಬಹುದು. ಅದು ಜೀವಕ್ಕೇ ಅಪಾಯ ತರುವ ಕಾಯಿಲೆ. "ಸಣ್ಣ ಕಲ್ಲು ತಾನೇ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಜಾರುವುದು ಸಣ್ಣ ಕಲ್ಲೇ.

ಮನೆಮದ್ದಿನ ಬಗ್ಗೆ ಕೇಳದವರಿಲ್ಲ. ಬಾಳೆದಿಂಡಿನ ರಸ, ಕಾಡುಬಸಳೆ ಎಲೆ, ಬಾರ್ಲಿ ನೀರು, ಇವೆಲ್ಲ ನಮ್ಮಲ್ಲಿ ಮೂತ್ರಪಿಂಡದ ಕಲ್ಲಿಗೆ ಕೊಡುವುದು. ಅದು ಉಚ್ಚೆಯ ದಾರಿ. ಪಿತ್ತಕೋಶಕ್ಕೂ ಆ ದಾರಿಗೂ ಸಂಬಂಧವೇ ಇಲ್ಲ. ಎಷ್ಟು ನೀರು ಕುಡಿದರೂ ಪಿತ್ತದ ಕಲ್ಲು ತೊಳೆದುಹೋಗುವುದಿಲ್ಲ. ಸೇಬಿನ ರಸ ಕುಡಿದು, ಮೇಲಿಂದ ಎಣ್ಣೆ, ಲಿಂಬು ಕುಡಿದರೆ ಹಸಿರು ಕಲ್ಲು ಬೀಳುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೊ ಬರುತ್ತದಲ್ಲ, ಆ ಹಸಿರು ಉಂಡೆಗಳು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ಕಲ್ಲು ಚೀಲದಲ್ಲೇ ಇರುತ್ತದೆ. ಅಷ್ಟು ಎಣ್ಣೆಗೆ ಚೀಲ ಜೋರಾಗಿ ಹಿಂಡಿ ನೋವು ಕೆರಳುವುದೂ ಉಂಟು. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅನ್ನುವ ಮಾತ್ರೆ ಕೆಲವು ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಕರಗಿಸಬಹುದು. ಆದರೆ ಬಿಟ್ಟ ಮೇಲೆ ಕಲ್ಲು ಮತ್ತೆ ಕಟ್ಟುವುದು ಜಾಸ್ತಿ.

ಕಲ್ಲು ಮಾತ್ರ ತೆಗೆದು ಚೀಲ ಬಿಡಬಾರದಾ ಅಂತ ನನ್ನ ಅತ್ತೆ ಕೇಳಿದ್ದರು. ಕಲ್ಲು ಕಟ್ಟುವುದು ಆ ಚೀಲದಲ್ಲೇ. ಅದನ್ನು ಬಿಟ್ಟರೆ ಮತ್ತೆ ಕಟ್ಟುತ್ತದೆ. ಚೀಲ ಇಲ್ಲದಿದ್ದರೂ ಯಕೃತ್ತು ಪಿತ್ತರಸ ಮಾಡುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ತೊಟ್ಟಿಕ್ಕುತ್ತದೆ. ಊಟ ಜೀರ್ಣವಾಗುತ್ತದೆ.

ದಿನ ನೀವೇ ಆರಿಸಿ, ಅದನ್ನು ಕಲ್ಲಿಗೆ ಬಿಡಬೇಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೋವು ಇಳಿದಿರುವಾಗ, ಜ್ವರ, ಕಾಮಾಲೆ ಇಲ್ಲದಾಗ, ನೀವೇ ದಿನ ಗೊತ್ತು ಮಾಡಿಕೊಂಡು ಹೋಗುವ ಆಪರೇಷನ್ ಹಗುರ. ರಾತ್ರೋರಾತ್ರಿ ಹೊತ್ತುಕೊಂಡು ಹೋಗಿ ಮಾಡಿಸುವುದು ಕಷ್ಟ. ಎಲ್ಲ ಊರಿಗೂ ಇದು ನಿಜ, ನಮ್ಮ ಜಿಲ್ಲೆಗೆ ಇನ್ನೂ ನಿಜ.

ನಮ್ಮ ದೊಡ್ಡಪ್ಪನ ಮನೆ ಅಂಕೋಲಾ ಕಡೆ. ಮಾರ್ಚ್‌ನಲ್ಲೇ ಕಲ್ಲು ಗೊತ್ತಾಗಿತ್ತು. "ತೋಟದ ಕೆಲಸ ಮುಗಿಯಲಿ, ಮಳೆಗಾಲದಲ್ಲಿ ಹೇಗೂ ಮನೆಯಲ್ಲೇ ಇರುವುದು, ಆಗ ನೋಡೋಣ" ಅಂದರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತಲ್ಲ, ಅದಾದ ವಾರದಲ್ಲೇ ಅವರಿಗೆ ನಡುಕ ಜ್ವರ ಬಂತು, ಕಣ್ಣು ಹಳದಿಯಾಯಿತು. ಕಲ್ಲು ನಾಳಕ್ಕೆ ಇಳಿದಿತ್ತು. ಮಣಿಪಾಲಕ್ಕೆ ಹೋಗುವ ಕುಮಟಾ ದಾರಿ ಮುಚ್ಚಿತ್ತು. ಸುರಿಯುವ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನಡುರಾತ್ರಿ. ಮೊದಲು ಇಆರ್‌ಸಿಪಿ, ಆಮೇಲೆ ಆಪರೇಷನ್. ಎರಡು ದಿನಕ್ಕೆ ಮುಗಿಯಬೇಕಾದದ್ದು ಹದಿನಾರು ದಿನ ಹಿಡಿಯಿತು. ಉಳಿದುಕೊಂಡರು, ದೇವರು ದೊಡ್ಡವನು.

ಆದ್ದರಿಂದ ನೋವು ಬಂದಿದ್ದರೆ ಮಳೆ ಹಿಡಿಯುವ ಮೊದಲು ಮುಗಿಸಿಕೊಳ್ಳಿ. ದೇವಿಮನೆ ಘಟ್ಟವಾಗಲಿ ಅರಬೈಲ್ ಆಗಲಿ, ಆಷಾಢದಲ್ಲಿ ಯಾವ ದಿನ ಮಣ್ಣು ಜಾರುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ. ಅಡಿಕೆ ಕೊನೆ ಕೊಯ್ಲು ಇದ್ದವರು ಕೊಯ್ಲಿಗೆ ಮೊದಲು ಆರು ವಾರ ಬಿಡುವು ಸಿಗುವ ಹಾಗೆ ನೋಡಿ. ದೋಣಿಗೆ ಹೋಗುವವರಿಗೆ ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಬಿಡುವು ಸಿಗುತ್ತದೆ ನಿಜ. ಆದರೆ ಮಳೆಯೂ ಆಗಲೇ. ಮೇ ಕೊನೆಗೆ ಆಪರೇಷನ್ ಮುಗಿಸಿ ನಿಷೇಧದ ದಿನಗಳಲ್ಲಿ ಸುಧಾರಿಸಿಕೊಳ್ಳುವುದು ಜಾಣತನ.

ಚೀಲಕ್ಕೆ ಆಗಲೇ ಉರಿಯೂತ ಆಗಿದ್ದರೆ ಲೆಕ್ಕ ಬೇರೆ. ಆಗ "ಆರಾಮಾದ ಮೇಲೆ ಮಾಡಿಸೋಣ" ಅನ್ನುವುದಕ್ಕಿಂತ ಅದೇ ಸಲ, ಮೊದಲ ಕೆಲವೇ ದಿನಗಳೊಳಗೆ ಮಾಡುವುದನ್ನು ಈಗ ಹೆಚ್ಚಿನ ಸರ್ಜನ್‌ಗಳು ಬಯಸುತ್ತಾರೆ. ದಿನ ಕಳೆದರೆ ಒಳಗೆಲ್ಲ ಅಂಟಿಕೊಂಡು ಕಷ್ಟವಾಗುತ್ತದೆ. ಆಮೇಲೆ ಆರು ವಾರ ಕಾಯಿಸುವುದೂ ಉಂಟು. ಗರ್ಭಿಣಿಯರಿಗೆ ತೊಂದರೆ ಕೊಟ್ಟರೆ ನಡುವಿನ ಮೂರು ತಿಂಗಳು ಅನುಕೂಲ, ಆದರೆ ಹೆರಿಗೆ ಡಾಕ್ಟರ್ ಮತ್ತು ಸರ್ಜನ್ ಇಬ್ಬರೂ ಕೂಡಿ ತೀರ್ಮಾನಿಸಬೇಕು.

ಎಲ್ಲಿ ಮಾಡಿಸುವುದು, ದುಡ್ಡು ಹೇಗೆ

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿದವರೇ. ಆ ಕೂಗು ನ್ಯಾಯದ್ದೇ. ಆದರೆ ತೊಡಕಿಲ್ಲದ ಪಿತ್ತಕೋಶದ ಆಪರೇಷನ್‌ಗೆ ಅದು ಬೇಕಿಲ್ಲ. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ದುರ್ಬೀನು ಇಳಿಸಿ ಮಾಡುವ ಆಪರೇಷನ್) ಕೈ ಪಳಗಿದ ಜನರಲ್ ಸರ್ಜನ್, ಒಳ್ಳೆಯ ಅರಿವಳಿಕೆ ಡಾಕ್ಟರ್, ರಾತ್ರಿ ಕರೆದರೆ ಬರುವವರು, ಇಷ್ಟಿದ್ದರೆ ಸಾಕು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಾವು ಕ್ರಿಮ್ಸ್ ಅನ್ನುತ್ತೇವೆ. ಶಿರಸಿಯಲ್ಲಿ ಪಂಡಿತ್ ಸಾರ್ವಜನಿಕ ಆಸ್ಪತ್ರೆ, ಖಾಸಗಿ ಆಸ್ಪತ್ರೆಗಳೂ ಇವೆ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು. ಹತ್ತಿರದಲ್ಲೇ ಆಗುತ್ತದೆ ಅಂದರೆ ಹತ್ತಿರವೇ ಒಳ್ಳೆಯದು. ತೊಂದರೆಯಾದರೆ ತಿರುಗಿ ಅದೇ ಡಾಕ್ಟರ ಹತ್ತಿರ ಬೇಗ ಹೋಗಬಹುದು. ನಾಳದಲ್ಲಿ ಕಲ್ಲು, ಕಾಮಾಲೆ, ಪ್ಯಾಂಕ್ರಿಯಾಸ್ ತೊಂದರೆ, ದೊಡ್ಡ ಹೃದಯದ ಕಾಯಿಲೆ ಇದ್ದವರು ಮಾತ್ರ ದೊಡ್ಡ ಊರಿನ ಲೆಕ್ಕ ಹಾಕಿ.

ಸರ್ಜನ್ ಹತ್ತಿರ ಕೂತಾಗ ನಾಚಿಕೊಳ್ಳದೆ ಕೇಳಿ. ಈ ಆಪರೇಷನ್ ಇಲ್ಲಿ ವಾರಕ್ಕೆ ಎಷ್ಟು ಆಗುತ್ತದೆ? ನನ್ನ ನಾಳದಲ್ಲಿ ಕಲ್ಲು ಇಲ್ಲ ಅಂತ ಹೇಗೆ ಖಾತ್ರಿ? ಮಧ್ಯದಲ್ಲಿ ಕಷ್ಟ ಅನ್ನಿಸಿದರೆ ಏನು ಮಾಡುತ್ತೀರಿ? ತೊಡಕಾದರೆ ಎಲ್ಲಿಗೆ ಕಳಿಸುತ್ತೀರಿ? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು ಸಿಗುತ್ತದೆ. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ನಮ್ಮ ಕಡೆ ಸೊಸೈಟಿ ಸದಸ್ಯರಲ್ಲದ ಮನೆ ಕಡಿಮೆ ಅಲ್ವಾ? ಆದರೆ ಪ್ರತಿ ವರ್ಷ ಕಂತು ತುಂಬಿ ಕಾರ್ಡ್ ನವೀಕರಿಸಿರಬೇಕು, ನೋವು ಬಂದ ಮೇಲೆ ಸದಸ್ಯರಾದರೆ ಉಪಯೋಗವಿಲ್ಲ. ಯಾವುದೇ ಯೋಜನೆಯಾದರೂ ನೀವು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ. ರೇಷನ್ ಕಾರ್ಡ್, ಆಧಾರ್, ಎರಡರ ಜೆರಾಕ್ಸ್ ಕೈಯಲ್ಲಿರಲಿ. ಹೆಸರಿನ ಕಾಗುಣಿತ ಎರಡರಲ್ಲೂ ಒಂದೇ ಇದೆಯಾ ನೋಡಿಕೊಳ್ಳಿ.

ಹಿಂದಿನ ವಾರ

ರಕ್ತ, ಸಕ್ಕರೆ, ಯಕೃತ್ತಿನ ಪರೀಕ್ಷೆ, ಇಸಿಜಿ, ಕೆಲವರಿಗೆ ಎಕ್ಸ್‌ರೇ, ಎಕೋ (ಹೃದಯದ ಸ್ಕ್ಯಾನ್) ಮಾಡುತ್ತಾರೆ. ಇದರಲ್ಲಿ ವಿಶೇಷ ಇಲ್ಲ. ಅರಿವಳಿಕೆ ಡಾಕ್ಟರ್ ಜೊತೆಗಿನ ಮಾತು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಅವರಿಗೆ ಏನನ್ನೂ ಮುಚ್ಚಿಡಬಾರದು. ದಮ್ಮು, ಹಳೆಯ ಆಪರೇಷನ್, ಅಲರ್ಜಿ, ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು, ಕುಡಿತ, ಬೀಡಿ, ಎಲ್ಲ ಹೇಳಿ. ಮನೆಯಲ್ಲಿ ಕುಡಿಯುವ ಕಷಾಯ, ನಾಟಿ ಔಷಧಿಯನ್ನೂ ಹೇಳಿ.

ಕವಳದ, ಅಂದರೆ ಎಲೆ ಅಡಿಕೆಯ, ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಕವಳ ಹಾಕುವವರು ಮನೆಗೊಬ್ಬರು. ವರ್ಷಗಟ್ಟಲೆ ಹಾಕಿದವರಿಗೆ ಕೆನ್ನೆ ಒಳಗೆ ಬಿಗಿದು ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ಈ ಆಪರೇಷನ್‌ಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಗಂಟಲಿಗೆ ಉಸಿರಿನ ಕೊಳವೆ ಹಾಕುತ್ತಾರೆ. ಬಾಯಿ ತೆರೆಯದಿದ್ದರೆ ಕೊಳವೆ ಹಾಕುವುದು ಕಷ್ಟ. ಮೊದಲೇ ಗೊತ್ತಾದರೆ ಅವರು ಬೇರೆ ತಯಾರಿ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಬಾಯಿಗೆ ಮೂರು ಬೆರಳು ಒಂದರ ಮೇಲೊಂದು ಇಟ್ಟು ನೋಡಿ. ಹೋಗದಿದ್ದರೆ ತಪ್ಪದೆ ಹೇಳಿ. ಕವಳ, ಬೀಡಿ ಎರಡನ್ನೂ ದಿನ ಗೊತ್ತಾದ ಕೂಡಲೇ ಬಿಡಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳದೆ ಮುಂದುವರಿಸಲೂ ಬೇಡಿ. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಹೃದಯದ ಡಾಕ್ಟರ ಮಾತು ಬೇಕೇ ಬೇಕು. ಸಕ್ಕರೆ ಮಾತ್ರೆಗಳಲ್ಲಿ ಹೆಸರಿನ ಕೊನೆಗೆ ಗ್ಲಿಫ್ಲೋಜಿನ್ ಅಂತ ಇರುವವನ್ನು ಆಪರೇಷನ್‌ಗೆ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಮಾತ್ರೆಯ ಚೀಟಿಯನ್ನೇ ಒಯ್ದು ತೋರಿಸಿ. "ಬಿಳಿ ಮಾತ್ರೆ, ಉದ್ದ ಮಾತ್ರೆ" ಅಂದರೆ ಯಾರಿಗೂ ತಿಳಿಯುವುದಿಲ್ಲ.

ಹಿಂದಿನ ದಿನ ಹೊಕ್ಕುಳವನ್ನು ಚೆನ್ನಾಗಿ ತೊಳೆದು ಸ್ನಾನ ಮಾಡಿ, ಒಂದು ತೂತು ಅಲ್ಲೇ ಹಾಕುತ್ತಾರೆ. ಉಗುರು ಬಣ್ಣ ಒರೆಸಿ. ಮೂಗುತಿ, ಕಾಲುಂಗುರ, ಬಳೆ ಮನೆಯಲ್ಲೇ ತೆಗೆದಿಡಿ. ನನ್ನ ಮೂಗುತಿ ಇಪ್ಪತ್ತು ವರ್ಷದಿಂದ ತೆಗೆದದ್ದೇ ಇರಲಿಲ್ಲ. ಆಸ್ಪತ್ರೆಯ ಬಚ್ಚಲಿನಲ್ಲಿ ಸಾಬೂನು ಹಚ್ಚಿ ನರ್ಸಮ್ಮ ಅರ್ಧ ಗಂಟೆ ಒದ್ದಾಡಿದರು. ಒಳಗೆ ವಿದ್ಯುತ್ತಿನಿಂದ ಸುಡುವ ಸಾಧನ ಬಳಸುವುದರಿಂದ ಮೈಮೇಲೆ ಲೋಹ ಇಟ್ಟುಕೊಳ್ಳಬಾರದು.

ಗಟ್ಟಿ ಆಹಾರ ಕನಿಷ್ಠ 6ರಿಂದ 8 ಗಂಟೆ ಬಿಟ್ಟಿರಬೇಕು. ಬರಿ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಲು ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ನಿಮ್ಮ ಆಸ್ಪತ್ರೆ ಹೇಳಿದ ಹೊತ್ತೇ ಕಡೆಯದು. ಹಾಲು ಹಾಕಿದ ಚಾ ನೀರಲ್ಲ, ಆಹಾರ. "ಒಂದೇ ಗುಟುಕು" ಅಂತ ಕುಡಿದರೂ ಹೇಳಿಬಿಡಿ. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಆಪರೇಷನ್ ಮುಂದೆ ಹೋಗುವುದು ಅದಕ್ಕಿಂತ ಸಾವಿರ ಪಾಲು ಮೇಲು.

ಒಳಗೆ ಏನು ಮಾಡುತ್ತಾರೆ

ಎಲ್ಲರೂ ಲೇಸರ್ ಆಪರೇಷನ್ ಅನ್ನುತ್ತಾರೆ. ಲೇಸರ್ ಅಲ್ಲ, ದುರ್ಬೀನು. ಸಾಮಾನ್ಯವಾಗಿ ನಾಲ್ಕು ತೂತು, ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು. ಹೊಕ್ಕುಳದ ಹತ್ತಿರ ಒಂದು, ಎದೆಮೂಳೆಯ ಕೆಳಗೆ ಒಂದು, ಬಲಗಡೆ ಎರಡು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಕ್ಯಾಮೆರಾ ಇಳಿಸಿ ಪರದೆಯಲ್ಲಿ ನೋಡುತ್ತ ಚೀಲದ ನಾಳ, ರಕ್ತನಾಳ ಎರಡನ್ನೂ ಬೇರೆ ಬೇರೆ ಗುರುತಿಸಿ, ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಚೀಲವನ್ನು ಯಕೃತ್ತಿನಿಂದ ಬಿಡಿಸಿ ತೂತಿನಿಂದಲೇ ಹೊರಗೆ ತೆಗೆಯುತ್ತಾರೆ. ತೊಡಕಿಲ್ಲದಿದ್ದರೆ ಒಂದು ಗಂಟೆ, ಒಂದೂವರೆ ಗಂಟೆ. ಜರ್ಮನಿಯ ಎರಿಕ್ ಮ್ಯೂಹೆ ಅನ್ನುವ ಸರ್ಜನ್ 1985ರಲ್ಲಿ ಇದನ್ನು ಮೊದಲು ಮಾಡಿದಾಗ ಜೊತೆಯವರೇ ನಂಬಲಿಲ್ಲವಂತೆ. ನಮ್ಮ ದೇಶಕ್ಕೆ 1990ರಲ್ಲಿ ಮುಂಬೈಯ ಡಾ. ತೆಹಮ್ಟನ್ ಉದ್ವಾಡಿಯಾ ತಂದರು. ಅದಕ್ಕೂ ಮೊದಲು ಪಕ್ಕೆಯ ಕೆಳಗೆ ಗೇಣುದ್ದ ಕೊಯ್ದು ವಾರಗಟ್ಟಲೆ ಮಲಗಿಸುತ್ತಿದ್ದರು.

ಸಹಿ ಮಾಡುವ ಕಾಗದದಲ್ಲಿ "ಅಗತ್ಯ ಬಿದ್ದರೆ ಹೊಟ್ಟೆ ತೆರೆದು ಆಪರೇಷನ್" ಅಂತ ಇರುತ್ತದೆ. ಅದನ್ನು ನೋಡಿ ಹೆದರಬೇಡಿ. ಒಳಗೆಲ್ಲ ಅಂಟಿಕೊಂಡು ನಾಳ ಸ್ಪಷ್ಟವಾಗಿ ಕಾಣದಿದ್ದರೆ ಜವಾಬ್ದಾರಿ ಇರುವ ಸರ್ಜನ್ ಹಟ ಮಾಡದೆ ಹೊಟ್ಟೆ ತೆರೆಯುತ್ತಾರೆ, ಇಲ್ಲವೇ ಚೀಲದ ಒಂದು ಭಾಗ ಬಿಟ್ಟು ಬರುತ್ತಾರೆ. ಅದು ಸೋಲಲ್ಲ. ಈ ಆಪರೇಷನ್‌ನ ದೊಡ್ಡ ಭಯ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು. ಸಾವಿರಕ್ಕೆ ಮೂರೋ ಐದೋ ಜನರಿಗೆ ಆಗುತ್ತದೆ. ಅಪರೂಪ, ಆದರೆ ಆದವರಿಗೆ ಬಹಳ ಕಷ್ಟ. ಅದನ್ನು ತಪ್ಪಿಸುವುದಕ್ಕೇ ಅವರು ಅಷ್ಟು ಜಾಗ್ರತೆ ಮಾಡುವುದು.

ಎಚ್ಚರವಾದ ಮೇಲೆ

ಗಂಟಲು ಕೆರೆತ, ವಾಕರಿಕೆ, ತೂತಿನ ಹತ್ತಿರ ನೋವು ಎಲ್ಲರಿಗೂ ಇರುತ್ತದೆ. ನನಗೆ ಯಾರೂ ಹೇಳದೆ ಹೆದರಿಸಿದ್ದು ಹೆಗಲು ನೋವು. ಹೊಟ್ಟೆಗೆ ಆಪರೇಷನ್, ಹೆಗಲಿಗೆ ಯಾಕೆ ನೋವು ಅಂತ ರಾತ್ರಿ ಅತ್ತುಬಿಟ್ಟೆ. ತುಂಬಿಸಿದ ಗಾಳಿ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ಅದರ ನರ ಹೆಗಲಿಗೆ ಸೇರಿದ್ದು, ಅದಕ್ಕೇ ಹಾಗೆ. ಎರಡು ಮೂರು ದಿನದಲ್ಲಿ ಹೋಗುತ್ತದೆ. ಎದ್ದು ಓಡಾಡಿದಷ್ಟೂ ಬೇಗ ಹೋಗುತ್ತದೆ. ಅದೇ ದಿನ ಸಂಜೆ ನಡೆಸುತ್ತಾರೆ, ಹಟ ಮಾಡದೆ ನಡೆಯಿರಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೂ ಅದು ಬೇಕು.

ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಮನೆ ದೂರದ ಹಳ್ಳಿಯಲ್ಲಿದ್ದರೆ, ರಾತ್ರಿ ಗಾಡಿ ಸಿಗುವುದಿಲ್ಲ ಅಂತಾದರೆ, ಮೊದಲ ಮೂರು ನಾಲ್ಕು ದಿನ ಪೇಟೆಯಲ್ಲೇ ನೆಂಟರ ಮನೆಯಲ್ಲಿ ಇರಿ. ತಿರುಗಿ ಬರುವಾಗ ಮಡಚಿದ ಚಾದರವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ, ಕೆಮ್ಮುವಾಗಲೂ ಹಾಗೇ. ನಮ್ಮ ರಸ್ತೆಯ ಹೊಂಡಗಳಿಗೆ ಇದು ದೊಡ್ಡ ಉಪಕಾರ.

ಊಟ, ಕೆಲಸ

ಆಪರೇಷನ್ ಆಯಿತು ಅಂದರೆ ನಮ್ಮಲ್ಲಿ ಬಾಣಂತಿ ಪಥ್ಯ ಶುರು. ನಲವತ್ತು ದಿನ ಗಂಜಿ, ಉಪ್ಪಿನಕಾಯಿ ರಸ. ದಯವಿಟ್ಟು ಹಾಗೆ ಮಾಡಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು. ಮೊದಲ ದಿನ ಗಂಜಿ, ಎಳನೀರು. ಆಮೇಲೆ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಮಜ್ಜಿಗೆ, ಒಂದೆಲಗದ ತಂಬುಳಿ. ತಿನ್ನುವವರು ಬೇಯಿಸಿದ ಮೊಟ್ಟೆ, ಕಾಯಿ ಕಡಿಮೆ ಹಾಕಿದ ಮೀನು ಸಾರು ತಿನ್ನಬಹುದು. ಹುರಿದ ಬಂಗುಡೆ, ಹಲಸಿನ ಹಪ್ಪಳ, ತುಪ್ಪದ ಹೋಳಿಗೆ ಎರಡು ಮೂರು ವಾರ ಕಾಯಲಿ. ನಂತರ ಸ್ವಲ್ಪ ಸ್ವಲ್ಪವೇ ತಿಂದು ನೋಡಿ. ಜೀವನಪೂರ್ತಿ ಎಣ್ಣೆ ಮುಟ್ಟಬಾರದು ಅನ್ನುವುದು ಸುಳ್ಳು. ಕೆಲವರಿಗೆ ಕೆಲವು ವಾರ ಊಟದ ನಂತರ ಸಡಿಲ ಭೇದಿ ಆಗುತ್ತದೆ, ಪಿತ್ತರಸ ನೇರ ಇಳಿಯುವುದರಿಂದ. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಹೋಗದಿದ್ದರೆ ಹೇಳಿ, ಔಷಧಿ ಇದೆ.

ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ತೂಕ ಎತ್ತುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ. ಬಾವಿ ನೀರು ಸೇದುವುದು, ಸೊಪ್ಪಿನ ಹೊರೆ, ಅಡಿಕೆ ಮೂಟೆ, ಬಲೆ ಎಳೆಯುವುದು, ಗ್ಯಾಸ್ ಸಿಲಿಂಡರ್ ಸರಿಸುವುದು, ಎಲ್ಲ ಇದರಲ್ಲೇ ಬಂತು. ಹೊಕ್ಕುಳದ ತೂತಿನಲ್ಲಿ ಹರ್ನಿಯಾ ಆಗಬಹುದು. ಹೆಂಗಸರಿಗೆ ಇದನ್ನು ಎರಡು ಸಲ ಹೇಳಬೇಕು. ಹೊರಗೆ ಗಾಯ ಸಣ್ಣದು ಕಾಣುತ್ತದೆ, ನಾಲ್ಕನೇ ದಿನ ಮನೆಯವರೂ ಮರೆಯುತ್ತಾರೆ, ನಾವೂ ಕೊಡಪಾನ ಎತ್ತುತ್ತೇವೆ. ಮನೆಯವರು ಇದನ್ನು ಓದುತ್ತಿದ್ದರೆ, ಒಂದು ತಿಂಗಳು ನೀರು ನೀವು ತುಂಬಿ. ಬೈಕ್ ವಿಷಯದಲ್ಲಿ, ಗಟ್ಟಿಯಾಗಿ ಬ್ರೇಕ್ ಒತ್ತಿದರೂ ಹೊಟ್ಟೆ ನೋಯದು ಅನ್ನುವವರೆಗೆ ಹತ್ತಬೇಡಿ.

ಯಾವಾಗ ತಡ ಮಾಡಬಾರದು

ದಿನದಿಂದ ದಿನಕ್ಕೆ ಸುಧಾರಿಸಬೇಕು. ಇದೇ ಅಳತೆ. ಮೂರನೇ ದಿನ ಎರಡನೇ ದಿನಕ್ಕಿಂತ ಕೆಟ್ಟದಾಗಿದ್ದರೆ ಏನೋ ಸರಿಯಿಲ್ಲ. ಹೊಟ್ಟೆ ನೋವು ಹೆಚ್ಚುತ್ತ ಹೋದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, 100.4 ಡಿಗ್ರಿಗಿಂತ ಜ್ವರ, ಚಳಿ ಬಂದರೆ, ಕಣ್ಣು ಹಳದಿ, ಉಚ್ಚೆ ಕಡು ಕಂದು, ಮಲ ಬಿಳಚಿಕೊಂಡರೆ, ವಾಂತಿ ನಿಲ್ಲದಿದ್ದರೆ, ಗಾಯದಿಂದ ಕೀವು ಅಥವಾ ಹಸಿರು ಹಳದಿ ನೀರು ಬಂದರೆ, ಒಂದು ಕಾಲು ಬಾತು ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, 108 ಕರೆಯಿರಿ. ನೆಟ್‌ವರ್ಕ್ ಸಿಗದ ಊರಾದರೆ ಯಾವ ಗುಡ್ಡದ ತುದಿಯಲ್ಲಿ ಸಿಗುತ್ತದೆ, ಯಾರ ಮನೆಯಲ್ಲಿ ಜೀಪು ಇದೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ತಿಂಗಳು, ವರ್ಷ ಕಳೆದ ಮೇಲೂ ಹಳೆಯ ಥರದ ನೋವು, ಕಾಮಾಲೆ ಬಂದರೆ "ಚೀಲವೇ ಇಲ್ಲವಲ್ಲ" ಅಂತ ಬಿಡಬೇಡಿ, ನಾಳದಲ್ಲಿ ಕಲ್ಲು ಉಳಿದಿರಬಹುದು.

ಬಯಾಪ್ಸಿ ರಿಪೋರ್ಟ್

ನನ್ನ ಆಪರೇಷನ್ ಆದ ಮೇಲೆ ಸಣ್ಣ ಬಾಟಲಿಯಲ್ಲಿ ಕಲ್ಲು ಹಾಕಿ ಮನೆಯವರ ಕೈಗೆ ಕೊಟ್ಟರು. ಹದಿಮೂರು ಕಲ್ಲು, ಕಂದು ಬಣ್ಣ, ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡವು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆದರೆ ಚೀಲವನ್ನು ಬಯಾಪ್ಸಿ ಪರೀಕ್ಷೆಗೆ ಕಳಿಸಿದ್ದಾರಾ ಅಂತ ಯಾರೂ ಕೇಳಲಿಲ್ಲ, ಆಸ್ಪತ್ರೆಯವರೂ ಹೇಳಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲೂ ಆ ಸಾಲು ಖಾಲಿ. ಚೀಲದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ ಅಂತ ಒಂದು ತಿಂಗಳ ನಂತರ ಬೇರೆ ಡಾಕ್ಟರ್ ಹೇಳಿದಾಗ ಎದೆ ಧಸಕ್ಕೆಂದಿತು. ಮೂರು ಸಲ ಓಡಾಡಿದೆವು. ಕಳಿಸಿದ್ದರು, ರಿಪೋರ್ಟ್ ಬಂದೂ ಇತ್ತು, ಒಂದು ಕಪಾಟಿನಲ್ಲಿ ಬೇರೆಯವರ ಫೈಲಿನೊಳಗೆ ಸಿಕ್ಕಿಕೊಂಡಿತ್ತು. ಆ ಒಂದು ವಾರದ ನಿದ್ದೆ ನನಗೆ ಯಾರು ತಿರುಗಿ ಕೊಡುತ್ತಾರೆ?

ಆದ್ದರಿಂದ ಹೊರಡುವ ದಿನವೇ ಕೇಳಿ: ಚೀಲ ಯಾವ ಲ್ಯಾಬಿಗೆ ಹೋಗಿದೆ, ರಿಪೋರ್ಟ್ ಯಾವ ದಿನ, ಯಾರ ಹತ್ತಿರ? ಹೊಲಿಗೆ ನೋಡಿಸಲು ವಾರ, ಹತ್ತು ದಿನಕ್ಕೆ ಹೇಗೂ ಹೋಗುತ್ತೀರಿ, ಆಗ ಆ ಕಾಗದ ಕೈಯಲ್ಲಿ ಹಿಡಿದೇ ತಿರುಗಿ ಬನ್ನಿ. ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್, ಬಯಾಪ್ಸಿ ಮೂರನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಮ್ಮ ಮಳೆಗಾಲದ ತೇವ ತಾಗದ ಕಡೆ ಇಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ. ಕಲ್ಲಿನ ಬಾಟಲಿ ಬೇಕಾದರೆ ಎಸೆಯಿರಿ.